ಕಟ್ಟುವ ಕೈಯ ಋಣ

ದಯೆಯು ಧರ್ಮದ ಬುಡದಲ್ಲಿರತಕ್ಕ ವಸ್ತುವೆಂಬುದನ್ನು ಶರಣರ ಮಾತುಗಳನ್ನು ಕೇಳಿ ಬೆಳೆದ ನಮ್ಮ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಿದ್ದವನಿಗೆ ಕೈ—ಇವು ದಯೆಯ ಕೆಲಸಗಳೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಇಂಥಲ್ಲಿ ಮನಸ್ಸು ಬಯಸುವುದೂ ಕೈ ಮಾಡುವುದೂ ಒಂದೇ ಆಗಿರುತ್ತದೆ. ಆದರೆ ಸಂಸಾರದಲ್ಲಿ ಒಮ್ಮೊಮ್ಮೆ ಬೇರೊಂದು ಬಗೆಯ ಪ್ರಸಂಗ ಒದಗುವುದುಂಟು. ಅಲ್ಲಿ ದಯೆಯು ಮಾಡಬೇಕಾದ ಕೆಲಸವು ನೋಡುವವರ ಕಣ್ಣಿಗೆ ನಿರ್ದಯೆಯಂತೆ ಕಾಣುತ್ತದೆ. ಮಾಡುವವನ ಕರುಳಿಗೂ ಹಾಗೆಯೇ ಅನಿಸುತ್ತದೆ. ಕಾಯಿಲೆ ಬಿದ್ದ ಕೂಸಿಗೆ ಕಹಿ ಕಷಾಯವನ್ನು ಹಿಡಿದು ಕುಡಿಸುವ ತಾಯಿಯ ಸ್ಥಿತಿ ಇಂಥದು. ಆ ತಾಯಿಗಾದರೂ ಒಂದು ಸಮಾಧಾನವುಂಟು: ಕೂಸು ಮುಂದೆ ಬೆಳೆದು ದೊಡ್ಡದಾದ ಮೇಲೆ, ಅವ್ವ ಅಂದು ಹಾಗೇಕೆ ಮಾಡಿದಳೆಂಬುದನ್ನು ತಾನೇ ತಿಳಿದುಕೊಳ್ಳುತ್ತದೆ. ಎಂದೆಂದಿಗೂ ತಿಳಿದುಕೊಳ್ಳಲಾರದ ಜೀವಿಯ ವಿಷಯದಲ್ಲಿ ಹೀಗೆ ನಡೆದುಕೊಳ್ಳಬೇಕಾಗಿ ಬಂದರೆ ಏನು ಗತಿ? ಅದರ ಇಚ್ಛೆಗೆ ವಿರುದ್ಧವಾಗಿ ಅದಕ್ಕೆ ಒಳಿತು ಮಾಡುವ ಅಧಿಕಾರವು ನಮಗೆ ಎಲ್ಲಿಂದ ಬಂದಿತು?

ಈ ಪ್ರಶ್ನೆಯನ್ನು ಒಂದು ಚಿಕ್ಕ ಉದಾಹರಣೆಯನ್ನಿಟ್ಟುಕೊಂಡು ವಿಚಾರಿಸಬೇಕೆಂದಿದ್ದೇನೆ. ಉದಾಹರಣೆಯು ಕಾಲು ಮುರಿದುಕೊಂಡ ಒಂದು ಸಣ್ಣ ನಾಯಿಯದು. ವಿಷಯವು ಕ್ಷುದ್ರವೆಂದು ವಾಚಕರು ಪುಟವನ್ನು ಮಗುಚಿ ಹಾಕಬಾರದಾಗಿ ಪ್ರಾರ್ಥನೆ. ಮೂಕಪ್ರಾಣಿಯ ಮುಂದೆ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದರಲ್ಲಿ ಅವನ ಧರ್ಮದ ನಿಜವಾದ ಅಳತೆ ಸಿಕ್ಕುತ್ತದೆ. ಏಕೆಂದರೆ ಅಲ್ಲಿ ಹೊಗಳುವವರೂ ಇಲ್ಲ, ಕೇಳುವವರೂ ಇಲ್ಲ.

ನಮ್ಮ ಸೀಮೆಯಲ್ಲಿ ಹಿಂದೆ ನಾಯಿಯೆಂದರೆ ಹೊಲ ಕಾಯುವ ನಾಯಿ, ಕುರಿಹಟ್ಟಿಯ ನಾಯಿ, ಇಲ್ಲವೆ ಓಣಿಯ ನಾಯಿ. ಈಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹೊಸ ಬಡಾವಣೆಗಳಲ್ಲಿ ಮನೆಯೊಳಗೇ ಮಕ್ಕಳೊಡನೆ ಬೆಳೆಯುವ ಸಣ್ಣ ನಾಯಿಗಳು ಬಂದಿವೆ. ಪೊಮೆರೇನಿಯನ್ ಎಂಬ ತುಪ್ಪುಳದ ನಾಯಿ, ಡ್ಯಾಶ್‌ಹೌಂಡ್ ಎಂಬ ಗಿಡ್ಡ ಕಾಲಿನ ಉದ್ದ ಮೈಯ ನಾಯಿ, ಓಣಿಯಿಂದ ಎತ್ತಿ ತಂದು ಸಾಕಿದ ನಾಟಿ ಮರಿ, ಹೀಗೆ ಹಲವು. ಮೈ ಸಣ್ಣದು, ಚಟುವಟಿಕೆ ಮಾತ್ರ ದೊಡ್ಡದು. ಬಾಗಿಲ ಸದ್ದಾದರೆ ನೆಗೆತ, ಅತಿಥಿ ಬಂದರೆ ಕುಣಿತ, ಬೆಕ್ಕು ಕಂಡರೆ ಓಟ. ಪುಣೆ-ಬೆಂಗಳೂರು ಹೆದ್ದಾರಿಯು ಹಾವೇರಿಯನ್ನು ಮುಟ್ಟಿ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೇಲೆ ಹಾಯ್ದು ರಾಣೆಬೆನ್ನೂರಿಗೆ ಹೋಗುತ್ತದೆ. ಆ ಹೆದ್ದಾರಿಗೆ ಕೂಡುವ ಊರೊಳಗಿನ ರಸ್ತೆಗಳಲ್ಲಿ ಬೈಕುಗಳ ಓಡಾಟಕ್ಕೆ ಹಗಲುರಾತ್ರಿ ಎಂಬುದಿಲ್ಲ. ತೆರೆದ ಬಾಗಿಲಿನಿಂದ ಹಾರಿದ ನಾಯಿ ಚಕ್ರಕ್ಕೆ ಸಿಕ್ಕುವುದುಂಟು. ರಸ್ತೆಗೆ ಹೋಗದೆಯೂ ಮಂಚದಿಂದ ಧುಮುಕಿ, ಮಕ್ಕಳ ಕೈಯಿಂದ ಜಾರಿ, ನುಣುಪಾದ ಟೈಲ್ಸ್ ನೆಲದ ಮೇಲೆ ಕಾಲು ತಿರುಚಿ ಪೆಟ್ಟು ಮಾಡಿಕೊಳ್ಳುವುದುಂಟು. ಮುಂಗಾಲಿನ ಎಲುಬು ಮುರಿಯುವುದು, ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು, ಮೊಣಕಾಲಿನ ಚಿಪ್ಪು ತನ್ನ ಸ್ಥಾನದಿಂದ ಸರಿಯುವುದು—ಇವು ಸಣ್ಣ ನಾಯಿಗಳಲ್ಲಿ ಮೇಲಿಂದ ಮೇಲೆ ಕಾಣುವ ಗಾಯಗಳು.

ಪಶುವೈದ್ಯರು ಕ್ಷ-ಕಿರಣದಿಂದ ಪರೀಕ್ಷಿಸಿ, ಪಟ್ಟಿ ಕಟ್ಟಿಯೋ ಶಸ್ತ್ರಕ್ರಿಯೆಯಿಂದ ಲೋಹದ ಪಟ್ಟಿ ಕೂಡಿಸಿಯೋ ತಮ್ಮ ಕೆಲಸವನ್ನು ಒಂದೆರಡು ತಾಸಿನಲ್ಲಿ ಮುಗಿಸುತ್ತಾರೆ. ಅನಂತರ ಅವರು ಹೇಳುವ ಮಾತೇ ಮನೆಯವರಿಗೆ ಕಠಿಣವಾದದ್ದು: ಇನ್ನು ಇಷ್ಟು ವಾರ ಇದು ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು, ಒಂದು ಗೂಡಿನಲ್ಲಿಯೋ ಬೇಲಿ ಕಟ್ಟಿದ ಮೂಲೆಯಲ್ಲಿಯೋ ಇರಬೇಕು, ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ಮೆಲ್ಲಗೆ ಹೊರಗೆ ಒಯ್ಯಬೇಕು. ಬೆಳೆದ ನಾಯಿಯ ಎಲುಬು ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಮರಿಗಳಲ್ಲಿ ಇನ್ನೂ ಬೇಗ ಕೂಡುವುದುಂಟು. ತೀರ ಸಣ್ಣ ಜಾತಿಗಳ ಮುಂಗಾಲಿನ ಕೆಳತುದಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅಲ್ಲಿ ಕೂಡುವುದು ತಡ. ಬರಿಯ ಪಟ್ಟಿಯಿಂದ ಅನೇಕ ಸಲ ಆಗುವುದೂ ಇಲ್ಲ.

ಹಾವೇರಿ ಸೀಮೆಯ ಒಕ್ಕಲಿಗನಿಗೆ ಗಾಯಗೊಂಡ ಪ್ರಾಣಿಯನ್ನು ಕಟ್ಟಿ ವಿಶ್ರಾಂತಿ ಕೊಡುವುದು ಹೊಸ ಮಾತಲ್ಲ. ದೀವಳಿಗೆಯ ಕಾಲಕ್ಕೆ ಕೊಬ್ಬರಿ ಸರ ಕಟ್ಟಿಕೊಂಡು ಜನದ ನಡುವೆ ಗಾಳಿಯಂತೆ ಓಡುವ ಹೋರಿಯು ಕಾಲು ಉಳುಕಿಸಿಕೊಂಡರೆ, ಅದನ್ನು ತಿಂಗಳುಗಟ್ಟಲೆ ಗ್ವಾದಲಿಯಲ್ಲಿ ನಿಲ್ಲಿಸಿ ಮೇವು ನೀರು ಕೊಟ್ಟು ಸಾಕುವ ತಾಳ್ಮೆ ನಮ್ಮ ರೈತರಲ್ಲಿದೆ. ಆದರೆ ಎತ್ತು ಹೋರಿಗಳು ಕರುವಾಗಿದ್ದಾಗಿನಿಂದ ಕಣ್ಣಿಗೆ ಹೊಂದಿಕೊಂಡವು. ಮೆಲುಕಾಡುತ್ತ ಮಲಗುವುದು ಅವುಗಳ ಸ್ವಭಾವದಲ್ಲಿಯೇ ಇದೆ. ಮನೆಯ ಸಣ್ಣ ನಾಯಿಗೆ ಕಟ್ಟೂ ಗೊತ್ತಿಲ್ಲ, ಮೆಲುಕೂ ಇಲ್ಲ. ಅದಕ್ಕೆ ಬದುಕೆಂದರೆ ಮನೆಯವರ ಹಿಂದೆ ಮುಂದೆ ಸುಳಿಯುವುದು. ಆದುದರಿಂದ ಕಷ್ಟವೆಲ್ಲ ಇಲ್ಲಿಯೇ ಮೊದಲಾಗುತ್ತದೆ.

ಮೊದಲಿನ ಕೆಲವು ದಿನ ನೋವೇ ಅದನ್ನು ಮಲಗಿಸಿಡುತ್ತದೆ. ನಿಜವಾದ ಪರೀಕ್ಷೆ ಬರುವುದು ಎರಡನೆಯ, ಮೂರನೆಯ ವಾರದಲ್ಲಿ. ಔಷಧದಿಂದ ನೋವು ತಗ್ಗಿರುತ್ತದೆ, ಬಾವು ಇಳಿದಿರುತ್ತದೆ, ಹಸಿವು ಮರಳಿರುತ್ತದೆ. ನಾಯಿಯ ಲೆಕ್ಕದಲ್ಲಿ ತನಗೆ ಗುಣವಾಯಿತು. ಅದು ಗೂಡಿನ ಬಾಗಿಲನ್ನು ಕೆರೆಯುತ್ತದೆ, ಸಣ್ಣ ದನಿಯಲ್ಲಿ ಕುಂಯ್‌ಗುಡುತ್ತದೆ, ಮನೆಯವರ ಮುಖವನ್ನೇ ನೋಡುತ್ತದೆ. ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಒಲೆಯ ಮುಂದೆ ಕುಳಿತ ಅಜ್ಜಿಗೆ ತಡೆಯಲಾಗುವುದಿಲ್ಲ. “ಬಿಡೋ ತಮ್ಮಾ, ಪಾಪ, ಅದರ ಸಂಕಟ ನೋಡಾಕಾಗವಲ್ದು. ಒಂದೀಟು ಅಡ್ಡಾಡಿ ಬರಲಿ,” ಎನ್ನುತ್ತಾಳೆ. ಮೊಮ್ಮಗನು, “ಡಾಕ್ಟರು ಬ್ಯಾಡ ಅಂದಾರ ಅಮ್ಮಾ,” ಎಂದರೆ, “ಡಾಕ್ಟರಿಗೇನು ಗೊತ್ತು ಇದರ ಜೀವದ ನೋವು?” ಎಂದು ಕೇಳುತ್ತಾಳೆ. ಆ ಹಿರಿಯಳ ಮಾತಿನಲ್ಲಿ ಕರುಣೆಯಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೊಮ್ಮಗನು ನಿರ್ದಯನೂ ಅಲ್ಲ. ಹಾಗಾದರೆ ದಯೆಯು ಇವರಿಬ್ಬರಲ್ಲಿ ಯಾರ ಪಕ್ಷದಲ್ಲಿದೆ?

ಇಲ್ಲಿ ನಾವು ಎರಡು ನೋವುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ನಾಯಿಯ ನೋವು. ಇನ್ನೊಂದು ಅದರ ಕೂಗನ್ನು ಕೇಳುವ ನಮ್ಮ ನೋವು. ಗೂಡಿನ ಬಾಗಿಲು ತೆರೆದೊಡನೆ ತಪ್ಪದೆ ತೀರುವುದು ಎರಡನೆಯದು. ಕೂಗು ನಿಲ್ಲುತ್ತದೆ, ನಮ್ಮ ಕರುಳು ತಣ್ಣಗಾಗುತ್ತದೆ, ನಾವು ದಯಾಳುಗಳೆಂಬ ಸಂತೋಷವೂ ಆಗುತ್ತದೆ. ನಾಯಿಯ ನೋವು ತೀರಿತೋ ಇಲ್ಲವೋ ಎಂಬುದು ಆ ಗಳಿಗೆಯಲ್ಲಿ ಗೊತ್ತಾಗುವುದಿಲ್ಲ. ಒಂದು ನೆಗೆತಕ್ಕೆ ಕೂಡುತ್ತಿದ್ದ ಎಲುಬು ಮತ್ತೆ ಅಲುಗಿದರೆ, ಕೂಡಿಸಿದ ಲೋಹದ ಪಟ್ಟಿ ಬಾಗಿದರೆ, ಮತ್ತೆ ಶಸ್ತ್ರಕ್ರಿಯೆ, ಮತ್ತೆ ಅಷ್ಟೇ ವಾರಗಳ ಕಟ್ಟು. ಒಮ್ಮೊಮ್ಮೆ ಕಾಲನ್ನೇ ತೆಗೆಯಬೇಕಾದ ಪ್ರಸಂಗ. ಆ ಸಂಕಟವನ್ನು ಅನುಭವಿಸುವುದು ನಾವಲ್ಲ, ಅದು. ನಮ್ಮ ಅರ್ಧ ಗಳಿಗೆಯ ಸಮಾಧಾನಕ್ಕೆ ಅದರ ಮೂರು ತಿಂಗಳ ಸಂಕಟವನ್ನು ಬೆಲೆಯಾಗಿ ಕೊಟ್ಟಂತಾಯಿತಲ್ಲವೆ? ಕರುಳು ಮಿಡಿಯುವುದು ದಯೆಯ ಮೊದಲಿನ ಮಾತು. ಆ ಮಿಡಿತವನ್ನು ವಿವೇಕದ ಕೈಗೆ ಒಪ್ಪಿಸಿದಾಗ ಮಾತ್ರ ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಎಲುಬು ಕೂಡುವ ಕ್ರಮವನ್ನು ಅರಿತರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅದರ ಸುತ್ತ ಮೆತ್ತನೆಯ ಬೆಸುಗೆಯೊಂದು ಬೆಳೆಯುತ್ತದೆ. ವಾರಗಳು ಕಳೆದಂತೆ ಅದು ಗಟ್ಟಿಯಾಗಿ ಎಲುಬಾಗುತ್ತದೆ. ತಿಂಗಳುಗಳ ಮೇಲೆ ಹಳೆಯ ಆಕಾರಕ್ಕೆ ಬರುತ್ತದೆ. ನಾಯಿಗೆ ಗುಣವಾದಂತೆ ತೋರುವ ಮೂರನೆಯ ವಾರದಲ್ಲಿ ಒಳಗಿನ ಬೆಸುಗೆ ಇನ್ನೂ ಮೆತ್ತಗಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ವ್ಯಾಪಾರ ಬಲ್ಲವರಿಗೆ ಇದು ಸುಲಭವಾಗಿ ತಿಳಿಯತಕ್ಕ ವಿಷಯ. ಕಣದಲ್ಲಿ ಹರವಿದ ಕಾಯಿ ಮೇಲೆ ಸುಕ್ಕುಬಿದ್ದು ಕೆಂಪೇರಿ ಒಣಗಿದಂತೆ ಕಾಣುತ್ತದೆ; ಒಳಗೆ ಹಸಿಯುಳಿದಿರುತ್ತದೆ. ಅವಸರಪಟ್ಟು ಚೀಲಕ್ಕೆ ತುಂಬಿದವನ ಮಾಲು ಬೂಷ್ಟು ಹಿಡಿಯುತ್ತದೆ. ಮೇಲಿನ ಬಣ್ಣ ನೋಡಿ ಒಳಗನ್ನು ನಿರ್ಣಯಿಸಬಾರದೆಂಬುದನ್ನು ಕಣದಲ್ಲಿ ಕಲಿತ ನಾವು ಮನೆಯಲ್ಲಿ ಮರೆಯಬಾರದು.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ತರುತ್ತಾರೆ. ಓಣಿಯ ನಾಯಿಗೆ ಯಾವ ಗೂಡಿದೆ, ಯಾವ ಪಟ್ಟಿಯಿದೆ? ಅದೂ ಮೂರು ಕಾಲಿನಲ್ಲಿ ಕುಂಟಿ ಕುಂಟಿ ಗುಣವಾಗುವುದಿಲ್ಲವೆ? ಪ್ರಕೃತಿಯ ಕೆಲಸವನ್ನು ಪ್ರಕೃತಿಗೇ ಬಿಡಬೇಕಲ್ಲವೆ? ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕೆಲವು ನಾಯಿಗಳು ಹಾಗೆ ಬದುಕುತ್ತವೆ. ಆದರೆ ನಮ್ಮ ಕಣ್ಣಿಗೆ ಬೀಳುವವು ಬದುಕಿ ಉಳಿದವು ಮಾತ್ರ. ಉಳಿಯದೆ ಹೋದವು ಕಣ್ಣಿಗೆ ಬೀಳುವುದಿಲ್ಲ. ಉಳಿದವುಗಳಲ್ಲಿಯೂ ಎಷ್ಟೋ ನಾಯಿಗಳ ಕಾಲು ಸೊಟ್ಟಗೆ ಕೂಡಿ, ಆಯುಷ್ಯವಿಡೀ ಕೀಲುನೋವನ್ನು ಹೊತ್ತು ತಿರುಗುತ್ತವೆ. ಮೇಲಾಗಿ ಬೈಕು, ಡಾಂಬರು ರಸ್ತೆ, ನುಣುಪು ನೆಲ ಇವು ಯಾವುವೂ ಪ್ರಕೃತಿಯ ಸೃಷ್ಟಿಯಲ್ಲ. ಮುರಿಯುವಾಗ ಮನುಷ್ಯನ ಕೈಯಿದ್ದು, ಕೂಡಿಸುವಾಗ ಮಾತ್ರ ಪ್ರಕೃತಿಯನ್ನು ತೋರಿಸುವುದು ನ್ಯಾಯವಾಗಲಾರದು.

ಇನ್ನೊಂದು ಆಕ್ಷೇಪವು, “ಎಷ್ಟೆಂದರೂ ಅದು ನಾಯಿ ತಾನೆ?” ಎಂಬುದು. ಹಣವನ್ನೂ ಹೊತ್ತನ್ನೂ ಇಷ್ಟಾಗಿ ವೆಚ್ಚಮಾಡಲು ಅದೇನು ಹಸುವೇ, ಎತ್ತೇ? ವಚನಗಳಲ್ಲಿ ಕೂಡ ನಾಯಿಯು ಬಹುಮಟ್ಟಿಗೆ ನಿಂದೆಯ ಉಪಮೆಯಾಗಿಯೇ ಬಂದಿದೆಯೆಂಬುದು ನಿಜ. ಆದರೆ ಅಲ್ಲಿ ಶರಣರು ನಿಂದಿಸಿದ್ದು ಮನುಷ್ಯನ ಆಶೆಯನ್ನು, ಚಪಲತೆಯನ್ನು. ಓಣಿಯಲ್ಲಿ ಮಲಗಿದ ಬಡ ಪ್ರಾಣಿಯನ್ನಲ್ಲ. ನಮ್ಮ ನಾಡಿನ ಜನವು ನಾಯಿಗೆ ಬೇರೊಂದು ಸ್ಥಾನವನ್ನೂ ಕೊಟ್ಟಿದೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವಯ್ಯಗಳು ಕಂಬಳಿ ಹೊದ್ದು, ಡಮರು ಹಿಡಿದು, ತಾವೇ ದೇವರ ನಾಯಿಗಳೆಂದು ಬೊಗಳುತ್ತ ದೋಣಿಯಲ್ಲಿ ಹಾಕಿದ ಎಡೆಯನ್ನು ಬಾಯಿಂದ ತಿನ್ನುವ ಸೇವೆಯನ್ನು ನೋಡಿದವರಿದ್ದಾರೆ. ನಂಬುಗೆಯಿಂದ ಒಡೆಯನ ಬಾಗಿಲು ಕಾಯುವ ಪ್ರಾಣಿಯಲ್ಲಿ ಭಕ್ತಿಯ ಒಂದು ರೂಪವನ್ನು ಆ ಜನ ಕಂಡಿತು. ಆಚರಣೆ ಅವರವರದು, ಆದರೆ ಅದರೊಳಗಿನ ಗೌರವವನ್ನು ನಾವೂ ಗುರುತಿಸಬಹುದು. ಹಣದ ವಿಷಯಕ್ಕೆ ಬಂದರೆ, ಎಲ್ಲ ಮನೆಗಳಿಗೂ ಶಸ್ತ್ರಕ್ರಿಯೆಯ ವೆಚ್ಚವನ್ನು ತಡೆಯುವ ಶಕ್ತಿಯಿರುವುದಿಲ್ಲ. ಇದ್ದುದನ್ನು ವೈದ್ಯರಿಗೆ ಮುಚ್ಚದೆ ಹೇಳಿ ಶಕ್ತಿಗೆ ತಕ್ಕ ದಾರಿಯನ್ನು ಕೇಳುವುದರಲ್ಲಿ ಅವಮಾನವಿಲ್ಲ. ಆದರೆ ಇಲ್ಲಿ ನಾವು ಮಾತಾಡುತ್ತಿರುವ ವಿಶ್ರಾಂತಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಅದು ಬಡವನ ಮನೆಯಲ್ಲಿಯೂ ಇರುತ್ತದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದುದು. “ನಿನ್ನ ಒಳ್ಳೆಯದಕ್ಕೇ ನಿನ್ನನ್ನು ಕಟ್ಟಿದ್ದೇನೆ” ಎಂಬ ಮಾತನ್ನು ಲೋಕದಲ್ಲಿ ಬಲವುಳ್ಳವರೆಲ್ಲ ಆಡಿದ್ದಾರೆ. ಅರಸನು ಪ್ರಜೆಗಳಿಗೆ, ಮೇಲಿನವನು ಕೆಳಗಿನವನಿಗೆ, ಗಂಡಸು ಹೆಂಗಸಿಗೆ ಇದೇ ಮಾತನ್ನು ಹೇಳುತ್ತ ಬಂದರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಎದ್ದು ನಿಂತದ್ದೇ ಇಂಥ ಮಾತಿನ ವಿರುದ್ಧ. ಅದೇ ಪರಂಪರೆಯ ನಾವು ಒಂದು ಜೀವಿಯನ್ನು ಕಟ್ಟಿಹಾಕಿ, ಇದು ಅದರ ಹಿತಕ್ಕೆಂದು ಹೇಳುವಾಗ ಸಂಕೋಚವಾಗಬೇಡವೆ? ಆಗಲೇಬೇಕು. ಆ ಸಂಕೋಚವೇ ನಮ್ಮನ್ನು ಸರಿದಾರಿಯಲ್ಲಿಡುವ ಮೊದಲ ಕಾವಲು.

ಮನುಷ್ಯರಿಗೆ ಮಾತುಂಟು, ವಿಚಾರವುಂಟು. ಅವರನ್ನು ಕೇಳಬಹುದು, ತಿಳಿಸಿ ಹೇಳಬಹುದು. ಆದುದರಿಂದ ತಿಳಿವಳಿಕೆಯುಳ್ಳ ಮನುಷ್ಯನನ್ನು ಅವನ ಹಿತಕ್ಕೆಂದು ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ನಾಯಿಗೆ ಇಂದಿನ ದಿನ ಗೊತ್ತು, ಮುಂದಿನ ತಿಂಗಳು ಗೊತ್ತಿಲ್ಲ. ನೋವು ಅದರದು, ನೋವಿನ ಕಾರಣದ ಅರಿವು ನಮ್ಮದು. ಹೀಗೆ ಅರಿವು ಒಬ್ಬರಲ್ಲಿಯೂ ಸಂಕಟ ಇನ್ನೊಬ್ಬರಲ್ಲಿಯೂ ಇರುವಾಗ ಅರಿವುಳ್ಳವನು ಸುಮ್ಮನಿರುವಂತಿಲ್ಲ. ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಕೂಡಿಬಂದಿರುವ ಚೌಡದಾನಪುರವು ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಹೊಳೆಯ ದಂಡೆಯ ಜನಕ್ಕೆ ಗೊತ್ತಿರುವಂತೆ, ಹೊಳೆ ತುಂಬಿ ಬಂದಾಗ ಅಂಬಿಗನು ದೋಣಿಯನ್ನು ಕಟ್ಟುತ್ತಾನೆ. ದಾಟಲು ಬಂದವರು ಎಷ್ಟು ಅವಸರಪಟ್ಟರೂ ಬಿಚ್ಚುವುದಿಲ್ಲ. ನೀರಿನ ಸೆಳವು ಅವನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆದರೆ ನೀರಿಳಿದ ಮೇಲೆಯೂ ಅವನು ದೋಣಿಯನ್ನು ಬಿಚ್ಚದಿದ್ದರೆ ಅದು ಅವನ ಕಾಯಕಕ್ಕೆ ಮಾಡಿದ ದ್ರೋಹ. ನಾಯಿಯನ್ನು ಕಟ್ಟುವ ಅಧಿಕಾರವೂ ಇಂಥದೇ. ಅದು ಒಡೆತನದಿಂದ ಬಂದುದಲ್ಲ, ಅರಿವಿನಿಂದ ಬಂದುದು. ಅರಿವಿನಿಂದ ಬಂದ ಅಧಿಕಾರಕ್ಕೆ ಋಣವೊಂದು ಅಂಟಿಕೊಂಡೇ ಬರುತ್ತದೆ. ಕಾರಣವನ್ನು ಹೇಳಲಾಗದ ಜೀವಿಯನ್ನು ಕಟ್ಟಿದವನು, ಕಾರಣ ತಿಳಿದಿದ್ದರೆ ಅದಕ್ಕೆ ಸಿಕ್ಕಬಹುದಾಗಿದ್ದ ಸಮಾಧಾನವನ್ನೆಲ್ಲ ಬೇರೆ ರೂಪದಲ್ಲಿ ತಾನೇ ಸಲ್ಲಿಸಬೇಕು. ಈ ಋಣವನ್ನು ಐದು ಭಾಗವಾಗಿ ವಿಚಾರಿಸಬಹುದು.

ಮೊದಲನೆಯದು ಅವಧಿಯ ಋಣ. ಕಟ್ಟಿಗೆ ಕೊನೆಯ ದಿನವಿರಬೇಕು. ಅದನ್ನು ನಿರ್ಣಯಿಸತಕ್ಕವರು ವೈದ್ಯರು. ನಮ್ಮ ಮರುಕವೂ ಅಲ್ಲ, ನಮ್ಮ ಸೌಕರ್ಯವೂ ಅಲ್ಲ. ಹೇಳಿದ ದಿನಕ್ಕೆ ಮರಳಿ ಒಯ್ದು ತೋರಿಸದೆ ತಾವೇ ಮುಂಚೆ ಬಿಚ್ಚುವುದು ಎಷ್ಟು ತಪ್ಪೋ, ತೋರಿಸುವುದನ್ನು ಮುಂದಕ್ಕೆ ದೂಡಿ ಕಟ್ಟನ್ನು ಬೆಳೆಸುವುದೂ ಅಷ್ಟೇ ತಪ್ಪು.

ಎರಡನೆಯದು ಸ್ಥಳದ ಋಣ. ಗೂಡಿನಲ್ಲಿ ನಾಯಿ ನೆಟ್ಟಗೆ ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗವಿರಬೇಕು. ಓಡುವಷ್ಟು, ಹಾರುವಷ್ಟು ಇರಬಾರದು. ಕೆಳಗೆ ಹಳೆಯ ಕೌದಿಯನ್ನೋ ಜಮಖಾನವನ್ನೋ ಮಡಚಿ ಹಾಸಬೇಕು. ಹೊರಗೆ ಒಯ್ಯುವ ದಾರಿಯ ನುಣುಪು ನೆಲದ ಮೇಲೆ ಗೋಣಿತಟ್ಟು ಹಾಸಿದರೆ ಕಾಲು ಜಾರುವುದಿಲ್ಲ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಗೂಡನ್ನಿಡಲಾಗದು; ನೆರಳು, ಗಾಳಿ, ಬಟ್ಟಲ ತುಂಬ ನೀರು ಬೇಕೇ ಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮಿನಲ್ಲಿ ಘಾಟಿನ ಧೂಳು ತಾಗದ ಮೂಲೆಯನ್ನು ಆರಿಸಬೇಕು.

ಮೂರನೆಯದು ನೋವಿನ ಋಣ. ನಾಯಿ ತನ್ನ ನೋವನ್ನು ಬಹಳವಾಗಿ ಮುಚ್ಚಿಡುತ್ತದೆ. ಉಣ್ಣದಿರುವುದು, ಮೈಮುಟ್ಟಗೊಡದಿರುವುದು, ಕುಳಿತಲ್ಲೇ ಏದುಸಿರು ಬಿಡುವುದು, ಪಟ್ಟಿಯನ್ನು ಬಿಡದೆ ನೆಕ್ಕುವುದು—ಇವನ್ನು ಗಮನಿಸಬೇಕು. ಪಟ್ಟಿಯ ಕೆಳಗಿನ ಬೆರಳುಗಳು ಬಾತರೆ, ತಣ್ಣಗಾದರೆ, ದುರ್ವಾಸನೆ ಬಂದರೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಪಟ್ಟಿ ನೆನೆಯದಂತೆ ಹೊರಗೆ ಒಯ್ಯುವಾಗ ಪ್ಲಾಸ್ಟಿಕ್ ಚೀಲ ಸುತ್ತಿ, ಒಳಗೆ ಬಂದೊಡನೆ ತೆಗೆಯಬೇಕು. ಮನೆಯಲ್ಲಿರುವ ಮನುಷ್ಯರ ನೋವಿನ ಗುಳಿಗೆಯನ್ನು ಮಾತ್ರ ಎಂದಿಗೂ ಕೊಡಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮೊದಲಾದವು ನಾಯಿಗೆ ವಿಷವಾಗಬಲ್ಲವು. ಸಣ್ಣ ಮೈಯ ನಾಯಿಗಂತೂ ಬಲು ಬೇಗ. ಪಾಪವೆಂದು ಕೊಟ್ಟ ಗುಳಿಗೆಯೇ ಜೀವಕ್ಕೆ ಮುಳುವಾಗುವ ಸಂಭವವುಂಟು.

ನಾಲ್ಕನೆಯದು ಮನಸ್ಸಿನ ಋಣ. ಇದನ್ನೇ ನಾವು ಹೆಚ್ಚಾಗಿ ಮರೆಯುವುದು. ಕಾಲಿಗೆ ವಿಶ್ರಾಂತಿ ಬೇಕು, ನಿಜ; ಮನಸ್ಸಿಗೆ ಕೆಲಸವಿಲ್ಲದಿದ್ದರೆ ಕಾಲಿಗೆ ವಿಶ್ರಾಂತಿ ಸಿಕ್ಕುವುದಿಲ್ಲ. ನಾಯಿಯ ಮುಖ್ಯ ಇಂದ್ರಿಯವು ಮೂಗು. ಜೋಳದ ರೊಟ್ಟಿಯ ಚೂರುಗಳನ್ನು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿಟ್ಟರೆ, ಅದು ಮಲಗಿದಲ್ಲಿಯೇ ಮೂಸಿ ಹುಡುಕಿ ತಿನ್ನುತ್ತ ಅರ್ಧ ತಾಸು ಕಳೆಯುತ್ತದೆ, ಆಮೇಲೆ ದಣಿದು ನಿದ್ದೆಹೋಗುತ್ತದೆ. ಕೈ ಮುಟ್ಟುವುದು, ಮುಖ ನೋಡಿ ಸುಮ್ಮನೆ ಕೂಡುವುದು, ಹೇಳಿದಾಗ ತಲೆ ಇಡುವುದು, ಇಂಥ ನಿಂತ ನೆಲದ ಪಾಠಗಳನ್ನು ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕಲಿಸಬಹುದು. ಓಡಾಟ ನಿಂತಾಗ ಮೈ ಬೆಳೆಯುತ್ತದೆ. ಆ ಭಾರ ಮತ್ತೆ ಕಾಲಿನ ಮೇಲೆಯೇ ಬೀಳುತ್ತದೆ. ಆದುದರಿಂದ ತಿನಿಸನ್ನು ದಿನದ ಊಟದಲ್ಲಿಯೇ ಹಿಡಿದು, ವೈದ್ಯರು ಹೇಳಿದಂತೆ ಪ್ರಮಾಣವನ್ನು ತಗ್ಗಿಸಬೇಕು. ಗೂಡನ್ನು ಹಿತ್ತಲ ಮೂಲೆಗೆ ತಳ್ಳದೆ, ಮನೆಯವರು ಕಾಣುವ ಪಡಸಾಲೆಯಲ್ಲಿಡುವುದು ಒಳ್ಳೆಯದು. ಬಾಗಿಲಿನಲ್ಲಿ ಹೋಗಿಬರುವವರನ್ನು ಕಂಡು ಕೆರಳುವ ನಾಯಿಯಾದರೆ, ಆ ಬದಿಗೆ ಒಂದು ಬಟ್ಟೆಯನ್ನು ಇಳಿಬಿಟ್ಟರಾಯಿತು. ಇಷ್ಟು ಮಾಡಿಯೂ ಅದು ತಳಮಳಿಸಿ ಮೈಯನ್ನು ಗೂಡಿಗೆ ಬಡಿಯುತ್ತಿದ್ದರೆ, ಮನಸ್ಸನ್ನು ಶಾಂತಗೊಳಿಸುವ ಔಷಧಗಳಿವೆ. ವೈದ್ಯರನ್ನು ಕೇಳಿ ಕೊಡಿಸಬೇಕು. ಹಾಗೆ ಕೇಳುವುದು ಸೋಲಲ್ಲ. ತಳಮಳವೂ ಒಂದು ನೋವೇ.

ಐದನೆಯದು ಮನೆಯ ಋಣ. ನಾಯಿಯನ್ನು ಕಟ್ಟಿದ ಮನೆಯು ತಾನೂ ಒಂದು ನಿಯಮಕ್ಕೆ ಕಟ್ಟುಬೀಳಬೇಕು. ಹೊರಬಾಗಿಲನ್ನು ಮುಚ್ಚಿಕೊಳ್ಳುವುದು, ಮಕ್ಕಳು ಅದರ ಮುಂದೆ ಚೆಂಡಾಡದಿರುವುದು, ಮನೆಗೆ ಬಂದೊಡನೆ ಅದನ್ನು ಕೂಗಿ ಕುಣಿಸದಿರುವುದು, ಬಂದ ನೆಂಟರಿಗೂ ಹಾಗೆಯೇ ಹೇಳುವುದು, ಹೊತ್ತಿಗೆ ಸರಿಯಾಗಿ ಹೊರಗೆ ಒಯ್ದು ತರುವುದು—ಇವೆಲ್ಲ ನಾಯಿ ಪಾಲಿಸಬೇಕಾದ ವ್ರತಗಳಲ್ಲ, ನಾವು ಪಾಲಿಸಬೇಕಾದವು. ಮನೆಯ ಒಬ್ಬರು ಬಿಗಿಹಿಡಿದು ಇನ್ನೊಬ್ಬರು ಕದ್ದು ಬಿಟ್ಟರೆ, ಒದರಿದರೆ ಬಾಗಿಲು ತೆರೆಯುತ್ತದೆಂಬುದನ್ನು ನಾಯಿ ಕಲಿತುಕೊಳ್ಳುತ್ತದೆ. ಮರುದಿನದಿಂದ ಅದರ ಕೂಗು ಇಮ್ಮಡಿಯಾಗುತ್ತದೆ. ಆದುದರಿಂದ ಮೇಲೆ ಹೇಳಿದ ಅಜ್ಜಿ ಮೊಮ್ಮಗ ಮೊದಲು ಒಮ್ಮತಕ್ಕೆ ಬರಬೇಕು. ಅಜ್ಜಿಯ ಕರುಣೆಯನ್ನು ಹಳಿಯಬೇಕಾಗಿಲ್ಲ. ಬಾಗಿಲು ತೆಗೆಯುವ ಬದಲು ಗೂಡಿನ ಬಳಿ ಕುಳಿತು ತಲೆ ನೇವರಿಸುವ ಕೆಲಸವನ್ನು ಅವಳಿಗೆ ಒಪ್ಪಿಸಬೇಕು. ಮನೆಯಲ್ಲಿ ಅಷ್ಟು ಹೊತ್ತು ನಿಶ್ಚಿಂತೆಯಿಂದ ಕೂಡಬಲ್ಲವರು ಅವಳಲ್ಲದೆ ಇನ್ನಾರು?

ನಮ್ಮ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದುಂಟು. ತಾನು ಕಿರಿಯನೆಂದು ತಿಳಿದು, ಸೇವಕನ ಭಾವದಿಂದ ನಡೆದುಕೊಳ್ಳುವುದು ಅದರ ತಾತ್ಪರ್ಯ. ಮಠದಲ್ಲಿ, ಹಿರಿಯರ ಎದುರಿನಲ್ಲಿ ಆ ಭಾವವನ್ನು ತೋರುವುದು ಸುಲಭ. ನಡುರಾತ್ರಿಯಲ್ಲಿ ಎದ್ದು, ಕುಂಟುವ ನಾಯಿಯನ್ನು ಎತ್ತಿಕೊಂಡು ಅಂಗಳಕ್ಕೆ ಒಯ್ದು, ಅದು ಮೂತ್ರ ಮಾಡುವ ತನಕ ಚಳಿಯಲ್ಲಿ ನಿಂತಿರುವಾಗ ಅದು ಉಳಿದರೆ ನಿಜವಾದ ಭೃತ್ಯಾಚಾರ. ಹಗ್ಗದ ಒಂದು ತುದಿ ನಾಯಿಯ ಕೊರಳಲ್ಲಿದ್ದರೆ ಇನ್ನೊಂದು ತುದಿ ನಮ್ಮ ಕೈಯಲ್ಲಿರುತ್ತದೆ. ಅಷ್ಟು ಹೊತ್ತು ನಾವೂ ಅಲ್ಲಿಂದ ಕದಲುವಂತಿಲ್ಲ.

ಇನ್ನು ಈ ವಿಚಾರದ ಎದುರು ಬದಿಯ ಅಪಾಯವನ್ನೂ ಹೇಳಿ ಮುಗಿಸಬೇಕು. ಕಟ್ಟುವುದು ದಯೆಯಾಗಬಹುದೆಂಬ ಮಾತನ್ನು ಹಿಡಿದುಕೊಂಡು, ಕಟ್ಟಿದ್ದೆಲ್ಲ ದಯೆಯೆಂದು ಯಾರೂ ಭಾವಿಸಬಾರದು. ನಮ್ಮ ಊರುಗಳಲ್ಲಿ ಯಾವ ಗಾಯವೂ ಇಲ್ಲದ ನಾಯಿಗಳನ್ನು ಮೊಳದುದ್ದದ ಸರಪಳಿಯಲ್ಲಿ ಹಿತ್ತಲಿಗೆ ಕಟ್ಟಿ, ಅವುಗಳ ಆಯುಷ್ಯವನ್ನೆಲ್ಲ ಅಲ್ಲಿಯೇ ಸವೆಸುವ ಮನೆಗಳಿವೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮು ಇದನ್ನು ಅಪರಾಧವೆಂದು ಎಣಿಸುತ್ತದೆ. ತೀರ ಗಿಡ್ಡವಾದ ಇಲ್ಲವೆ ಭಾರವಾದ ಸರಪಳಿಯಲ್ಲಿ ಅಯೋಗ್ಯವಾದಷ್ಟು ಕಾಲ ಕಟ್ಟಿಡುವುದು, ಸದಾ ಕಟ್ಟಿನಲ್ಲಿರುವ ನಾಯಿಗೆ ತಕ್ಕಷ್ಟು ಅಡ್ಡಾಟವನ್ನು ಕೊಡದಿರುವುದು, ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿಡುವುದು—ಇವೆಲ್ಲ ಅದರಲ್ಲಿ ಬರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಕಟ್ಟುಗಳೇ. ಒಂದರ ಫಲ ಕಟ್ಟಿಸಿಕೊಂಡ ಪ್ರಾಣಿಗೆ ಸಲ್ಲುತ್ತದೆ, ಇನ್ನೊಂದರ ಫಲ ಕಟ್ಟಿದವನಿಗೆ. ಒಂದಕ್ಕೆ ಕೊನೆಯ ದಿನವಿದೆ, ಇನ್ನೊಂದಕ್ಕಿಲ್ಲ. ಒಂದರಲ್ಲಿ ಕಟ್ಟಿದವನೂ ಕಷ್ಟಪಡುತ್ತಾನೆ, ಇನ್ನೊಂದರಲ್ಲಿ ಪ್ರಾಣಿ ಮಾತ್ರ. ಗಾಯದ ನೆಪದಿಂದ ಮೊದಲಾದ ಕಟ್ಟು, ಗುಣವಾದ ಮೇಲೆಯೂ ‘ಹೀಗೇ ಇದ್ದರೆ ಮನೆಗೆ ಕಿರಿಕಿರಿಯಿಲ್ಲ’ ಎಂದು ಮುಂದುವರಿದರೆ, ಅದು ಅಂದಿನಿಂದಲೇ ಮೊದಲಿನ ಬಗೆಯನ್ನು ಬಿಟ್ಟು ಎರಡನೆಯ ಬಗೆಗೆ ಸೇರಿತೆಂದು ತಿಳಿಯಬೇಕು.

ಬಿಡುಗಡೆಯನ್ನೂ ಒಮ್ಮೆಲೇ ಕೊಡಲಾಗದು. ವಾರಗಟ್ಟಲೆ ಬಳಸದ ಕಾಲಿನ ಮಾಂಸಖಂಡಗಳು ಸೊರಗಿರುತ್ತವೆ. ವೈದ್ಯರು ಒಪ್ಪಿದ ಮೇಲೆ ಮೊದಲು ಐದೈದು ನಿಮಿಷ, ಮೆಲ್ಲನೆಯ ನಡಿಗೆ, ಹಗ್ಗ ಕೈಯಲ್ಲಿಯೇ. ವಾರದಿಂದ ವಾರಕ್ಕೆ ಸ್ವಲ್ಪ ಹೆಚ್ಚು. ಮತ್ತೆ ಕುಂಟಿದರೆ ಒಂದು ಹೆಜ್ಜೆ ಹಿಂದೆ. ಓಟ, ಮೆಟ್ಟಿಲು, ಮಂಚ ಇವು ಕೊನೆಗೆ.

ಆ ದಿನವೂ ನಾಯಿ ನಮಗೆ ಕೃತಜ್ಞತೆ ಹೇಳುವುದಿಲ್ಲ. ಅದಕ್ಕೆ ನೆನಪಿರುವುದು ಮುಚ್ಚಿದ್ದ ಬಾಗಿಲೇ ಹೊರತು, ಬಾಗಿಲು ಮುಚ್ಚಿದ ಕಾರಣವಲ್ಲ. ಮಾಡಿದ ಉಪಕಾರವು ಉಪಕಾರವೆಂದೇ ತಿಳಿಯದವರಿಗೆ ಉಪಕಾರ ಮಾಡುವುದು ಗೃಹಸ್ಥನಿಗೆ ಸಿಕ್ಕುವ ದಾಸೋಹಗಳಲ್ಲಿ ಕಠಿಣವಾದುದು. ಮರವೆಯಲ್ಲಿ ಬಿದ್ದ ಮುಪ್ಪಿನ ತಂದೆತಾಯಿಗಳನ್ನು ಮನೆಯಿಂದ ಹೊರಬೀಳದಂತೆ ಕಾಯುತ್ತಿರುವವರಿಗೆ, ಚಿತ್ತಸ್ಥಿಮಿತ ಕಳೆದುಕೊಂಡ ಸಹೋದರನನ್ನು ನೋಡಿಕೊಳ್ಳುತ್ತಿರುವವರಿಗೆ ಈ ಮಾತಿನ ಭಾರ ಚೆನ್ನಾಗಿ ಗೊತ್ತು. ಅವರು ಬೈಗುಳವನ್ನು ಕೇಳುತ್ತಲೇ ಅನ್ನ ಬಡಿಸುತ್ತಾರೆ. ಸಣ್ಣ ನಾಯಿಯೊಂದರ ಮುಂದೆ ಎಂಟು ವಾರ ಈ ತಾಳ್ಮೆಯನ್ನು ಅಭ್ಯಾಸ ಮಾಡಿದ ಮನೆಯು, ಮುಂದೆ ಅಂಥ ದೊಡ್ಡ ಸೇವೆ ಒದಗಿ ಬಂದಾಗ ಕಂಗೆಡಲಾರದು. ಮನೆಯ ಮಕ್ಕಳಂತೂ ಕಣ್ಣಾರೆ ಕಂಡಿರುತ್ತಾರೆ: ಅಪ್ಪ ಅವ್ವ ಅಜ್ಜಿ ಎಲ್ಲರೂ ಸೇರಿ, ತಮಗೆ ಏನನ್ನೂ ಮರಳಿ ಕೊಡಲಾರದ ಜೀವಿಗಾಗಿ, ಹೇಳಿದ ದಿನದವರೆಗೆ ಕಾದು, ಹೇಳಿದ ದಿನದಂದೇ ಹಗ್ಗವನ್ನು ಬಿಚ್ಚಿದರೆಂಬುದನ್ನು.